ಟಾನ್ಸಿಲ್ ತೆಗೆಸಿದರೆ ದನಿ ಹೋಗುತ್ತದೆಯೇ?

ಮಕ್ಕಳೇ, ಒಂದು ಚಿಕ್ಕ ಕನ್ನಡಿಯನ್ನು ಮೂಗಿನ ಕೆಳಗೆ ಹಿಡಿದು ‘ಅಪ್ಪ’ ಅನ್ನಿ, ಅಂದ ಕೂಡಲೇ ಸರಿಸಿ ನೋಡಿ. ಕನ್ನಡಿ ತಿಳಿಯಾಗಿಯೇ ಇರುತ್ತದೆ. ಈಗ ‘ಅಮ್ಮ’ ಅನ್ನಿ. ಮಬ್ಬು ಮುಸುಕುತ್ತದೆ! ಇನ್ನು ಮೂಗು ಬಿಗಿಯಾಗಿ ಹಿಡಿದು ‘ಅಮ್ಮ’ ಅನ್ನಿ. ‘ಅಬ್ಬ’ ಎಂದು ಕೇಳುತ್ತದೆ. ‘ನಾನು’ ಎಂದರೆ ‘ದಾದು’ ಆಗುತ್ತದೆ. ಙ, ಞ, ಣ, ನ, ಮ ಈ ಐದು ಅಕ್ಷರಗಳಿಗೆ ಮೂಗಿನ ದಾರಿ ತೆರೆದಿರಬೇಕು. ಅದಕ್ಕೇ ವ್ಯಾಕರಣದಲ್ಲಿ ಇವು ಅನುನಾಸಿಕಗಳು.

ಕೆಲವು ಮಕ್ಕಳು ಮೂಗು ಹಿಡಿಯದೆಯೂ ಹೀಗೇ ಮಾತಾಡುತ್ತಾರೆ. ಮೂಗಿನ ಹಿಂಬದಿಯಲ್ಲಿ ಅಡಿನಾಯ್ಡ್ ಎಂಬ ಮೆತ್ತನೆಯ ಗಡ್ಡೆ ಇದೆ. ಅದು ಬಾಲ್ಯದಲ್ಲಿ ದೊಡ್ಡದಾಗಿದ್ದು, ಹರೆಯಕ್ಕೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಕುಗ್ಗುತ್ತದೆ. ಅತಿಯಾಗಿ ಬೆಳೆದರೆ ಮೂಗಿನ ದಾರಿ ಮುಚ್ಚುತ್ತದೆ. ಡೆನ್ಮಾರ್ಕಿನ ವೈದ್ಯ ವಿಲ್ಹೆಲ್ಮ್ ಮೇಯರ್ 1868ರಲ್ಲಿ ಈ ತೊಂದರೆಯನ್ನು ವಿವರಿಸಿ ಜಗತ್ತಿನ ಗಮನ ಸೆಳೆದರು. ಟಾನ್ಸಿಲ್‌ಗಳು ಗಂಟಲಿನ ಎರಡೂ ಪಕ್ಕದಲ್ಲಿರುತ್ತವೆ. ಅವು ತೀರ ಊದಿದರೆ ಬಾಯಲ್ಲಿ ತುತ್ತು ಇಟ್ಟುಕೊಂಡು ಮಾತಾಡಿದಂತೆ ಕೇಳುತ್ತದೆ.

ಅಫಜಲಪುರದಲ್ಲಿರುವ ನನ್ನ ಮಗಳ ಮಗಳಿಗೆ ಏಳು ವರ್ಷ. ವಚನ ಚೆನ್ನಾಗಿ ಹಾಡುತ್ತಾಳೆ. ಆದರೆ ರಾತ್ರಿಯೆಲ್ಲ ಗೊರಕೆ, ಬಾಯಿ ತೆರೆದೇ ನಿದ್ದೆ. ಕ್ಲಾಸಿನಲ್ಲಿ ಟೀಚರ್ ಹೇಳಿದ್ದು ಅರ್ಧ ಕೇಳುತ್ತಿರಲಿಲ್ಲ. ಡಾಕ್ಟರು ಆಪರೇಷನ್ ಎಂದಾಗ ಜೇವರ್ಗಿಯ ನನ್ನ ಅಕ್ಕ, “ಗಂಟಲದಾಗ ಕತ್ರಿ ಆಡಿಸಿದ್ರ ಹುಡಗಿ ದನಿ ಹೋಗ್ತದ, ಬ್ಯಾಡ್ರೆಪಾ” ಎಂದು ಹಟ ಹಿಡಿದಳು. ಮೊಮ್ಮಗಳು ನನ್ನ ಕಡೆ ತಿರುಗಿ, “ಮುತ್ಯಾ, ಖರೇನ ಹೋಗ್ತದೇನು?” ಎಂದು ಕೇಳಿದಳು. ಬ್ಯಾಂಕಿನಲ್ಲಿ ಆಯುಷ್ಯ ಕಳೆದವನು ನಾನು. ಜಮಾ, ಖರ್ಚು ಎರಡೂ ನೋಡದೆ ಉತ್ತರ ಹೇಳಲಾರೆ. ಡಾಕ್ಟರನ್ನು ಕೇಳಿ ತಿಳಿದುಕೊಂಡೆ.

ದನಿ ಹುಟ್ಟುವುದು ಧ್ವನಿಪೆಟ್ಟಿಗೆಯ ಧ್ವನಿತಂತುಗಳಲ್ಲಿ. ಅವು ಟಾನ್ಸಿಲ್‌ಗಿಂತ ಕೆಳಗಿವೆ, ಈ ಆಪರೇಷನ್ನಿನಲ್ಲಿ ಅವನ್ನು ಕತ್ತರಿಸುವುದಿಲ್ಲ. ಬದಲಾಗುವುದು ದನಿ ಮೊಳಗುವ ಕೋಣೆ. ಕೋಣೆಯೊಳಗಿನ ಸಾಮಾನು ತೆಗೆದರೆ ಮಾತಿನ ಸದ್ದು ಬೇರೆಯಾಗುವುದಿಲ್ಲವೇ, ಹಾಗೆ.

ಇನ್ನೊಂದು ವಿಷಯ. ಬಾಯಂಗಳದ ಹಿಂದಿನ ಮೆದು ಭಾಗ ಬಾಗಿಲಿನಂತೆ ಕೆಲಸ ಮಾಡುತ್ತದೆ. ‘ಪ’ ಎನ್ನುವಾಗ ಮೇಲೆದ್ದು ಮೂಗಿನ ದಾರಿ ಮುಚ್ಚುತ್ತದೆ, ‘ಮ’ ಎನ್ನುವಾಗ ಇಳಿಯುತ್ತದೆ. ಚಿಕ್ಕ ಮಕ್ಕಳಲ್ಲಿ ಆ ಬಾಗಿಲು ಅಡಿನಾಯ್ಡಿಗೆ ಒರಗಿ ಮುಚ್ಚಿಕೊಳ್ಳುವುದುಂಟು. ಗಡ್ಡೆ ತೆಗೆದ ಮೇಲೆ ಅದು ಇನ್ನಷ್ಟು ದೂರ ಚಾಚಬೇಕು. ಅದು ರೂಢಿಯಾಗುವವರೆಗೆ ಮಾತು ಮೂಗಿನಲ್ಲಿ ಬಂದಂತೆ ಕೇಳಬಹುದು, ಕುಡಿದ ನೀರು ಮೂಗಿಗೆ ಬರಬಹುದು. ಬಹುತೇಕ ಮಕ್ಕಳಲ್ಲಿ ಇದು ಕೆಲವೇ ವಾರಗಳಲ್ಲಿ ಸರಿಹೋಗುತ್ತದೆ. ಮೊಮ್ಮಗಳು ಮೂರು ವಾರ ಮೂಗಿನಲ್ಲೇ ಮಾತಾಡಿದಳು, ಎರಡು ಸಲ ಅತ್ತಳು. ಎರಡನೆಯ ತಿಂಗಳಲ್ಲಿ ಮೊದಲಿನಂತೆ ಹಾಡಿದಳು. ಗೊರಕೆ ನಿಂತಿತು, ಟೀಚರ್ ಮಾತೂ ಕೇಳತೊಡಗಿತು. ಅಡಿನಾಯ್ಡ್ ದೊಡ್ಡದಾದರೆ ಕಿವಿಯೊಳಗೆ ನೀರು ನಿಂತು ಕಿವಿ ಮಂದವಾಗಬಹುದು. ದನಿಯ ಭಯದಿಂದ ತಡಮಾಡುವಾಗ ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಾಗೆಂದು ಗಂಟಲು ನೋವು ಬಂದವರಿಗೆಲ್ಲ ಆಪರೇಷನ್ ಬೇಕಿಲ್ಲ, ಅದನ್ನು ವೈದ್ಯರೇ ನಿರ್ಧರಿಸಬೇಕು.

ಬಹಳ ಅಪರೂಪಕ್ಕೆ ಮೂಗಿನ ಮಾತು ಹಾಗೇ ಉಳಿಯುತ್ತದೆ. ಅಂಗಳದಲ್ಲಿ ಮೇಲೆ ಕಾಣದ ಸೀಳು ಇದ್ದವರಿಗೆ ಈ ಅಪಾಯ ಹೆಚ್ಚು. ಕಿರುನಾಲಗೆ ಎರಡಾಗಿ ಸೀಳಿರುವುದು ಅದರ ಒಂದು ಗುರುತು. ಮೂರು ತಿಂಗಳಾದರೂ ಮಾತು ಸರಿಹೋಗದಿದ್ದರೆ ವಾಕ್ ತಜ್ಞರಿಗೆ ತೋರಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇಂಥ ಕೆಲಸಕ್ಕೇ ಇದೆ. ನಮ್ಮ ಆಳಂದ, ಅಫಜಲಪುರ, ಜೇವರ್ಗಿಯವರಿಗೆ ಮೊದಲ ತಪಾಸಣೆಗೆ ಕಲಬುರಗಿಯ ಜಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಿಗೂ ಬರುತ್ತವೆ.

ಆಪರೇಷನ್ ಆದ ಮೇಲೆ ಚೆನ್ನಾಗಿ ನೀರು ಕುಡಿಸಿ. ಎರಡು ವಾರದೊಳಗೆ ಬಾಯಿಂದ ಕೆಂಪು ರಕ್ತ ಬಂದರೆ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಮತ್ತೆ ದನಿಯೆತ್ತಿ ಹಾಡುವುದು ಯಾವಾಗ ಎಂದು ಡಾಕ್ಟರನ್ನೇ ಕೇಳಿ.

ಅಜ್ಜಿಯರೇ, ಆಪರೇಷನ್ನಿಗೆ ಮೊದಲು ನೀವೊಂದು ನೆನಪು ಮಾಡಿಕೊಳ್ಳಿ. ಮಗು ಹಸುಗೂಸಾಗಿದ್ದಾಗ ಕುಡಿದ ಹಾಲು ಮೂಗಿನಿಂದ ಬರುತ್ತಿತ್ತೇ? ಬರುತ್ತಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ತೊಡೆಯ ಮೇಲೆ ಹಾಕಿಕೊಂಡು ಹಾಲು ಕುಡಿಸಿದವರು ನೀವು. ಆ ಸಂಗತಿ ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ.