ಕುರ್ಚಿ ಒಂದೇ, ಬೆಲೆ ಹಲವು

1809ನೇ ಇಸವಿ ಸೆಪ್ಟೆಂಬರ್ 18ರ ರಾತ್ರಿ. ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರ ಕಿಕ್ಕಿರಿದಿತ್ತು. ಹಿಂದಿನ ವರ್ಷ ಬೆಂಕಿಗೆ ಆಹುತಿಯಾಗಿದ್ದ ಮಂದಿರ ಹೊಸದಾಗಿ ತಲೆಯೆತ್ತಿ ನಿಂತಿತ್ತು. ಅಂದಿನ ನಾಟಕ ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್'. ಮಂದಿರದ ವ್ಯವಸ್ಥಾಪಕನೂ ಪ್ರಸಿದ್ಧ ನಟನೂ ಆಗಿದ್ದ ಜಾನ್ ಫಿಲಿಪ್ ಕೆಂಬಲ್ ಸ್ವಾಗತದ ನಾಲ್ಕು ಮಾತು ಹೇಳಲು ರಂಗಕ್ಕೆ ಬಂದದ್ದೇ ತಡ, ಪ್ರೇಕ್ಷಕರು ಕೂಗಲಾರಂಭಿಸಿದರು. ಆ ಗದ್ದಲದಲ್ಲಿ ನಾಟಕದ ಮಾತು ಯಾರ ಕಿವಿಗೂ ಬೀಳಲಿಲ್ಲ. ಜನರ ಬೇಡಿಕೆ ಒಂದೇ ಆಗಿತ್ತು: ಹಳೆಯ ದರ!

ಕಟ್ಟಡದ ಖರ್ಚು ತುಂಬಿಕೊಳ್ಳಲು ಕೆಂಬಲ್ ಬಾಕ್ಸ್ ಆಸನದ ದರವನ್ನು 6 ಷಿಲಿಂಗಿನಿಂದ 7ಕ್ಕೂ, ನೆಲಮಟ್ಟದ 'ಪಿಟ್' ದರವನ್ನು ಮೂರೂವರೆ ಷಿಲಿಂಗಿನಿಂದ 4ಕ್ಕೂ ಏರಿಸಿದ್ದ. ಜೊತೆಗೆ ಒಂದಿಡೀ ಅಂತಸ್ತನ್ನು ಸಿರಿವಂತರ ಖಾಸಗಿ ಬಾಕ್ಸುಗಳಿಗೆ ಬಿಟ್ಟುಕೊಟ್ಟಿದ್ದ. ಜನ ಗಂಟೆ, ಗಿಲಕಿ, ತುತ್ತೂರಿಗಳನ್ನು ತಂದು ಸುಮಾರು ಮೂರು ತಿಂಗಳ ಕಾಲ ಗಲಾಟೆ ಮಾಡಿದರು. ಡಿಸೆಂಬರ್ ತಿಂಗಳಲ್ಲಿ ಕೆಂಬಲ್ ಕ್ಷಮೆ ಕೋರಿ ಪಿಟ್ ದರವನ್ನು ಮತ್ತೆ ಮೂರೂವರೆ ಷಿಲಿಂಗಿಗೆ ಇಳಿಸಿದ. ರಂಗಭೂಮಿಯ ಇತಿಹಾಸದಲ್ಲಿ ಇದು 'ಹಳೆ ದರದ ದಂಗೆ' ಎಂದೇ ಹೆಸರಾಗಿದೆ.

ಅರ್ಧ ಷಿಲಿಂಗಿಗಾಗಿ ದಂಗೆಯೆದ್ದ ಅದೇ ಲಂಡನ್ನಿನಲ್ಲಿ, ಅತ್ತ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ, ಇಂದು ಒಂದೇ ಕುರ್ಚಿಗೆ ಮಂಗಳವಾರ ಒಂದು ಬೆಲೆ, ಶನಿವಾರ ಇನ್ನೊಂದು ಬೆಲೆ. ಬೆಳಿಗ್ಗೆ ನೋಡಿದ ದರ ಸಂಜೆಯ ಹೊತ್ತಿಗೆ ಬದಲಾಗಿರಲೂಬಹುದು. ಆದರೆ ಯಾರೂ ಗಿಲಕಿ ಆಡಿಸುವುದಿಲ್ಲ. ಆಡಿಸುವುದಾದರೂ ಯಾರ ಮುಂದೆ? ಏರಿಕೆಯನ್ನು ಸೂಚಿಸುವುದು ಕಂಪ್ಯೂಟರು!

ದೀಪಾವಳಿಯ ಬಸ್ಸಿನಂತೆ

ಈ ಪದ್ಧತಿ ನಮಗೆ ತೀರ ಅಪರಿಚಿತವೇನಲ್ಲ. ದೀಪಾವಳಿಯ ಹಿಂದಿನ ದಿನ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಡುವ ಖಾಸಗಿ ಬಸ್ಸಿನ ದರ ನೋಡಿದವರಿಗೆ ಅದು ಏನೆಂದು ವಿವರಿಸಬೇಕಾಗಿಲ್ಲ. ಬಸ್ಸು ಅದೇ, ದಾರಿ ಅದೇ. ಬೇಡಿಕೆ ಮಾತ್ರ ಬೇರೆ.

ಇದನ್ನು ಶಾಸ್ತ್ರವಾಗಿ ಬೆಳೆಸಿದವರು ಅಮೆರಿಕದ ವಿಮಾನ ಕಂಪೆನಿಗಳು. 1978ರಲ್ಲಿ ಅಲ್ಲಿನ ಸರಕಾರ ವಿಮಾನ ದರದ ಮೇಲಿನ ಹಿಡಿತವನ್ನು ಸಡಿಲಿಸಿತು. ಅಗ್ಗದ ಹೊಸ ಕಂಪೆನಿಗಳ ಪೈಪೋಟಿ ಎದುರಿಸಲು ಅಮೆರಿಕನ್ ಏರ್‌ಲೈನ್ಸ್ 1985ರಲ್ಲಿ ಒಂದು ಉಪಾಯ ಹೂಡಿತು. ಬೇಗ ಕಾದಿರಿಸುವವರಿಗೆ ಕೆಲವು ಆಸನ ಅಗ್ಗ, ಕೊನೆಗಳಿಗೆಯಲ್ಲಿ ಓಡಿಬರುವವರಿಗೆ ಉಳಿದವು ದುಬಾರಿ. ಹಾರಿಹೋದ ವಿಮಾನದ ಖಾಲಿ ಆಸನವನ್ನು ಮಾರನೆಯ ದಿನ ಮಾರಲಾಗದು ಎಂಬುದೇ ಇದರ ಮೂಲತತ್ವ.

ನಾಟಕದ ಕುರ್ಚಿಯೂ ಹಾಗೆಯೇ. ಪರದೆ ಎದ್ದ ಕ್ಷಣದಿಂದ ಖಾಲಿ ಕುರ್ಚಿಯ ಬೆಲೆ ಸೊನ್ನೆ. ಸಿನಿಮಾದಂತೆ ಇನ್ನೊಂದು ಪ್ರತಿ ಹಾಕಿ ಪಕ್ಕದ ಊರಿನಲ್ಲಿ ತೋರಿಸುವಂತೆಯೂ ಇಲ್ಲ. ಬ್ರಾಡ್‌ವೇ ನಾಟಕವೊಂದಕ್ಕೆ ವಾರಕ್ಕೆ ಸಾಮಾನ್ಯವಾಗಿ ಎಂಟೇ ಪ್ರದರ್ಶನ. ಜನ ಮುಗಿಬಿದ್ದಾಗ ಬೆಲೆ ಏರಿಸುವುದಕ್ಕೂ, ಬಾರದಿದ್ದಾಗ ಇಳಿಸುವುದಕ್ಕೂ ಕಾರಣ ಇದೊಂದೇ.

ಬ್ರಾಡ್‌ವೇಯಲ್ಲಿ ಈ ಗಾಳಿ ಬಲವಾಗಿ ಬೀಸಿದ್ದು 2001ರಲ್ಲಿ. ಆ ವರ್ಷ 'ದಿ ಪ್ರೊಡ್ಯೂಸರ್ಸ್' ಎಂಬ ಸಂಗೀತ ನಾಟಕದ 100 ಡಾಲರ್ ಟಿಕೀಟನ್ನು ಕಾಳಸಂತೆಯವರು ಹಲವು ಪಟ್ಟು ಬೆಲೆಗೆ ಮಾರುತ್ತಿದ್ದರು. ಆ ಹಣ ತಮಗೇ ಬರಲಿ ಎಂದು ನಿರ್ಮಾಪಕರು ಪ್ರತಿ ಪ್ರದರ್ಶನದ ಕೆಲವು ಒಳ್ಳೆಯ ಆಸನಗಳಿಗೆ ತಾವೇ 480 ಡಾಲರ್ ನಿಗದಿ ಮಾಡಿದರು. 2016ರಲ್ಲಿ 'ಹ್ಯಾಮಿಲ್ಟನ್' ನಾಟಕದ ವಿಶೇಷ ಆಸನ 849 ಡಾಲರಿಗೆ ಏರಿತು. ಆಗಿನ ವಿನಿಮಯದಲ್ಲಿ ಐವತ್ತು ಸಾವಿರ ರೂಪಾಯಿಗೂ ಮಿಕ್ಕಿ! 2025ರಲ್ಲಿ ಡೆನ್ಜೆಲ್ ವಾಷಿಂಗ್ಟನ್ ಅಭಿನಯಿಸಿದ 'ಒಥೆಲೊ'ದ ಮುಂದಿನ ಸಾಲುಗಳು 921 ಡಾಲರ್ ತಲುಪಿದವು.

ಅಗ್ಗದ ಬಾಗಿಲುಗಳು

ಹಾಗಾದರೆ ಜನಸಾಮಾನ್ಯರು ನಾಟಕ ನೋಡುವುದು ಹೇಗೆ? ಮಕ್ಕಳನ್ನು ನೋಡಲೆಂದು ನ್ಯೂಯಾರ್ಕಿಗೋ ಲಂಡನ್ನಿಗೋ ಹೋಗಿ ಬರುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಅಂಥವರಿಗೂ ಈ ಪ್ರಶ್ನೆ ಎದುರಾಗುತ್ತದೆ. ಬೇಡಿಕೆಗೆ ತಕ್ಕಂತೆ ಬೆಲೆ ಏರುವುದಾದರೆ, ಬೇಡಿಕೆ ಇಲ್ಲದ ಕಡೆ ಇಳಿಯಲೇಬೇಕಲ್ಲವೇ? ಆ ಜಾಗವನ್ನು ಹುಡುಕುವುದೇ ಜಾಣತನ.

ಮೊದಲನೆಯದು ದಿನದ ಆಯ್ಕೆ. ಶನಿವಾರ ಸಂಜೆ ಅತಿ ದುಬಾರಿ. ವಾರದ ನಡುವಿನ ದಿನಗಳು ಅಗ್ಗ. ಕ್ರಿಸ್‌ಮಸ್ ವಾರದಲ್ಲಿ ಹೋಗುವುದಕ್ಕಿಂತ, ರಜೆ ಮುಗಿದು ಚಳಿ ಕೊರೆಯುವ ಜನವರಿ-ಫೆಬ್ರುವರಿಯಲ್ಲಿ ಹೋದರೆ ಜೇಬಿಗೆ ಹಿತ.

ಎರಡನೆಯದು ಅದೇ ದಿನದ ಟಿಕೀಟು. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ 1973ರಿಂದ 'ಟಿಕೆಟಿಎಸ್' ಎಂಬ ಮಳಿಗೆಯಿದೆ. ಅಂದಿನ ಪ್ರದರ್ಶನಗಳಲ್ಲಿ ಮಾರಾಟವಾಗದೆ ಉಳಿದ ಆಸನಗಳನ್ನು ಇಲ್ಲಿ ರಿಯಾಯಿತಿಯಲ್ಲಿ, ಕೆಲವೊಮ್ಮೆ ಅರ್ಧ ಬೆಲೆಗೆ, ಕೊಡುತ್ತಾರೆ. ಲಂಡನ್ನಿನ ಲೆಸ್ಟರ್ ಸ್ಕ್ವೇರಿನಲ್ಲಿ ಇಂಥದೇ ಮಳಿಗೆ 1980ರಲ್ಲಿ ಬಂತು. ಬೇಕಾದ ನಾಟಕವೇ ಸಿಗುತ್ತದೆಂಬ ಖಾತರಿಯಿಲ್ಲ; ಇದ್ದುದರಲ್ಲಿ ಆರಿಸಬೇಕು.

ಮೂರನೆಯದು 'ರಷ್' ಮತ್ತು ಲಾಟರಿ. ಇದರ ಕಥೆ ಸ್ವಾರಸ್ಯವಾಗಿದೆ. 1996ರಲ್ಲಿ 'ರೆಂಟ್' ಎಂಬ ನಾಟಕ ಬ್ರಾಡ್‌ವೇಗೆ ಬಂತು. ಬಾಡಿಗೆ ಕಟ್ಟಲಾಗದ ಬಡ ಕಲಾವಿದರ ಕಥೆ ಅದು. ಅಂಥವರೇ ನೋಡಲಾಗದಿದ್ದರೆ ಹೇಗೆಂದು ಮೊದಲ ಎರಡು ಸಾಲುಗಳನ್ನು ಅಂದಂದೇ 20 ಡಾಲರಿಗೆ ಮಾರಿದರು. ಯುವಕರು ಹಿಂದಿನ ರಾತ್ರಿಯೇ ಬಂದು ಬೀದಿಯಲ್ಲಿ ಮಲಗತೊಡಗಿದಾಗ ಸರದಿಯ ಬದಲು ಚೀಟಿ ಎತ್ತುವ ಕ್ರಮ ಬಂತು. 'ಹ್ಯಾಮಿಲ್ಟನ್' ಟಿಕೀಟು 849 ಡಾಲರಿಗೆ ಏರಿದಾಗಲೇ ಅದರ ಲಾಟರಿ ಆಸನಗಳೂ 21ರಿಂದ 46ಕ್ಕೆ ಏರಿದವು. ಬೆಲೆ ತಲಾ 10 ಡಾಲರ್. 10 ಡಾಲರ್ ನೋಟಿನ ಮೇಲಿರುವುದು ಆ ನಾಟಕದ ನಾಯಕ ಹ್ಯಾಮಿಲ್ಟನ್ನನದೇ ಚಿತ್ರ!

ಇನ್ನು ಕೆಲವು ಸಣ್ಣ ಉಪಾಯಗಳಿವೆ. ಮಂದಿರದ ಕೌಂಟರಿನಲ್ಲೇ ಕೊಂಡರೆ ಕಂಪ್ಯೂಟರಿನಲ್ಲಿ ಕಾದಿರಿಸುವಾಗ ಬೀಳುವ ಸೇವಾಶುಲ್ಕ ಎಷ್ಟೋ ಕಡೆ ಉಳಿಯುತ್ತದೆ. ಲಂಡನ್ನಿನ ಹಳೆಯ ಮಂದಿರಗಳಲ್ಲಿ ಕಂಬ ಅಡ್ಡ ಬರುವ ಆಸನಗಳು ಅಗ್ಗ. ಸ್ವಲ್ಪ ಕತ್ತು ಓರೆ ಮಾಡಿದರಾಯಿತು. ಅಲ್ಲಿನ ನ್ಯಾಷನಲ್ ಥಿಯೇಟರ್ ಪ್ರತಿ ಶುಕ್ರವಾರ ಮುಂದಿನ ವಾರದ ಕೆಲವು ಟಿಕೀಟುಗಳನ್ನು 10 ಪೌಂಡಿಗೆ ಬಿಡುವ ಕ್ರಮ ಇಟ್ಟುಕೊಂಡಿದೆ.

ಅದೃಷ್ಟವೋ, ಹಕ್ಕೋ?

ಈ ಬಾಗಿಲುಗಳಲ್ಲೆಲ್ಲ ಒಂದು ಸಮಾನ ಗುಣವಿದೆ. ಹಣದ ಬದಲು ಅವು ಬೇರೇನನ್ನೋ ಕೇಳುತ್ತವೆ: ಕಾಯುವ ಸಮಯ, ಬೇಕಾದ ದಿನವನ್ನು ಬಿಟ್ಟುಕೊಡುವ ಮನಸ್ಸು, ಇಲ್ಲವೇ ಅದೃಷ್ಟ. ವಿದ್ಯಾರ್ಥಿಗೂ ಪ್ರವಾಸಿಗೂ ಇದು ಸುಲಭ. ಆದರೆ ಎರಡು ಪಾಳಿ ದುಡಿಯುವ ಹೋಟೆಲಿನ ನೌಕರನಿಗೆ ಹಣವೂ ಇಲ್ಲ, ಸರದಿಯಲ್ಲಿ ನಿಲ್ಲಲು ಹೊತ್ತೂ ಇಲ್ಲ. ಅವನ ಪಾಲಿಗೆ ಅಗ್ಗದ ಟಿಕೀಟೂ ದುಬಾರಿಯೇ.

ಇದನ್ನು ಅರಿತು ಬೇರೆ ದಾರಿ ಹಿಡಿದವರೂ ಇದ್ದಾರೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಜೋಸೆಫ್ ಪ್ಯಾಪ್ ಎಂಬಾತ ಷೇಕ್ಸ್‌ಪಿಯರ್ ನಾಟಕಗಳನ್ನು ಪುಕ್ಕಟೆಯಾಗಿ ಆಡಿಸುತ್ತಿದ್ದ. 1959ರಲ್ಲಿ ಉದ್ಯಾನಗಳ ಅಧಿಕಾರಿ ರಾಬರ್ಟ್ ಮೋಸೆಸ್, ಹುಲ್ಲುಹಾಸು ಹಾಳಾಗುತ್ತದೆ, ಪ್ರವೇಶ ಶುಲ್ಕ ವಸೂಲು ಮಾಡು ಎಂದ. ಪ್ಯಾಪ್ ಒಪ್ಪದೆ ನ್ಯಾಯಾಲಯಕ್ಕೆ ಹೋಗಿ ಗೆದ್ದ. 1962ರಲ್ಲಿ ಅದೇ ಪಾರ್ಕಿನಲ್ಲಿ ಡೆಲಕೋರ್ಟ್ ಬಯಲು ರಂಗಮಂದಿರ ಎದ್ದಿತು. ಅಲ್ಲಿ ಷೇಕ್ಸ್‌ಪಿಯರ್ ಈಗಲೂ ಪುಕ್ಕಟೆ. ಲಂಡನ್ನಿನ ನ್ಯಾಷನಲ್ ಥಿಯೇಟರ್ 2003ರಲ್ಲಿ ನಿಕೊಲಸ್ ಹೈಟ್ನರನ ಮುಂದಾಳತನದಲ್ಲಿ ತನ್ನ ದೊಡ್ಡ ಸಭಾಂಗಣದ ಮೂರರಲ್ಲಿ ಎರಡು ಪಾಲು ಆಸನಗಳನ್ನು 10 ಪೌಂಡಿಗೆ ಇಟ್ಟಿತು. ಇದಕ್ಕೆ ಖಾಸಗಿ ಕಂಪೆನಿಯೊಂದರ ಪ್ರಾಯೋಜಕತ್ವವಿತ್ತು. ಇಂಥ ಕಡೆ ಪ್ರೇಕ್ಷಕನಿಗೆ ಮೊದಲೇ ಗೊತ್ತು, ತನ್ನ ಕೈಗೆಟಕುವ ಕುರ್ಚಿಗಳು ಅಲ್ಲಿ ಬಹಳ ಇವೆ ಎಂದು.

ಷೇಕ್ಸ್‌ಪಿಯರನ ಕಾಲದಲ್ಲಿ ಗ್ಲೋಬ್ ರಂಗಮಂದಿರದ ಅಂಗಳದಲ್ಲಿ ನಿಂತು ನೋಡಲು ಒಂದು ಪೆನ್ನಿ ಸಾಕಾಗಿತ್ತು. ನಮ್ಮ ಕಂಪೆನಿ ನಾಟಕಗಳಲ್ಲಿ 'ನೆಲ' ಇದ್ದ ಹಾಗೆ. 1997ರಲ್ಲಿ ಮರುಹುಟ್ಟು ಪಡೆದ ಗ್ಲೋಬ್ ಆ ಅಂಗಳವನ್ನು ಬಿಟ್ಟುಕೊಡಲಿಲ್ಲ. ಸುಮಾರು 700 ಜನ ನಿಲ್ಲುವ ಜಾಗ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ 5 ಪೌಂಡಿಗೆ ಅಲ್ಲಿಗೆ ಪ್ರವೇಶವಿತ್ತು. ಮೇಲೆ ಸೂರಿಲ್ಲ, ಮಳೆ ಬಂದರೆ ಕೊಡೆ ಬಿಚ್ಚುವಂತಿಲ್ಲ, ಕಾಲು ನೋಯುತ್ತದೆಂದು ಕೂರುವಂತಿಲ್ಲ. ಆದರೆ ರಂಗಕ್ಕೆ ಅತಿ ಹತ್ತಿರ ನಿಂತವರು ಅವರೇ.

ಕೆಂಬಲ್ಲನ ಕಾಲದ ಗಿಲಕಿ ಈಗ ಕೆಲಸಕ್ಕೆ ಬಾರದು. ಬೆಲೆ ಏರುವ ಕಾರಣ ತಿಳಿದಿದ್ದರೆ, ಅದು ಇಳಿಯುವ ಹೊತ್ತನ್ನು ಕಾಯಬಹುದು. ಕೊನೆಯದಾಗಿ ಒಂದು ಮಾತು: ಟಿಕೀಟು ಸಿಕ್ಕಿ ಒಳಗೆ ಕೂತ ಮೇಲೆ, ಪಕ್ಕದವರು ಎಷ್ಟು ಕೊಟ್ಟರೆಂದು ಮಾತ್ರ ಕೇಳಲು ಹೋಗಬೇಡಿ. ನಾಟಕದ ಸುಖ ಕೆಟ್ಟೀತು!