ಕಾನೂನು ಕಾಲೇಜುಗಳ ಕಾನೂನು ನೆರವು ಕೇಂದ್ರಗಳು: ಸಾರ್ವಜನಿಕರಿಗೆ ಮಾಹಿತಿ

ಆರ್ಥಿಕ ಅಥವಾ ಇತರ ಅಸಾಮರ್ಥ್ಯದ ಕಾರಣದಿಂದ ಯಾವುದೇ ನಾಗರಿಕನಿಗೆ ನ್ಯಾಯ ಪಡೆಯುವ ಅವಕಾಶ ತಪ್ಪಬಾರದೆಂದು ಸಂವಿಧಾನದ 39ಎ ಅನುಚ್ಛೇದವು ನಿರ್ದೇಶಿಸುತ್ತದೆ. ಈ ಉದ್ದೇಶಕ್ಕಾಗಿ ರಚಿಸಲಾದ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987 ದಿನಾಂಕ 09-11-1995ರಿಂದ ಜಾರಿಯಲ್ಲಿರುತ್ತದೆ. ವಿಶ್ವವಿದ್ಯಾಲಯಗಳಲ್ಲಿ ಹಾಗೂ ಕಾನೂನು ಕಾಲೇಜುಗಳಲ್ಲಿ ಕಾನೂನು ಸೇವಾ ಕೇಂದ್ರಗಳ ಸ್ಥಾಪನೆಗೆ ಉತ್ತೇಜನ ಮತ್ತು ಮಾರ್ಗದರ್ಶನ ನೀಡುವುದು ಸದರಿ ಅಧಿನಿಯಮದ 4ನೇ ಪ್ರಕರಣದನ್ವಯ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯಗಳಲ್ಲೊಂದಾಗಿದೆ.

ವಿದ್ಯಾರ್ಥಿಗಳ ತರಬೇತಿ

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಮೇರೆಗೆ ಪ್ರತಿಯೊಂದು ಕಾನೂನು ಕಾಲೇಜು ಹಿರಿಯ ಅಧ್ಯಾಪಕರೊಬ್ಬರ ಮೇಲ್ವಿಚಾರಣೆಯಲ್ಲಿ ಕಾನೂನು ನೆರವು ಕೇಂದ್ರವನ್ನು ನಡೆಸತಕ್ಕದ್ದು. ಅಂತಿಮ ವರ್ಷದ ವಿದ್ಯಾರ್ಥಿಗಳು ಇಲ್ಲಿ ಕಾರ್ಯನಿರ್ವಹಿಸುತ್ತಾರೆ. ದಾವಾಪತ್ರ ಹಾಗೂ ದಸ್ತಾವೇಜುಗಳ ಕರಡು ರಚನೆ, ವೃತ್ತಿನೀತಿ, ಪರ್ಯಾಯ ವ್ಯಾಜ್ಯ ಪರಿಹಾರ ಮತ್ತು ಅಣಕು ನ್ಯಾಯಾಲಯಗಳು ಅವರ ಕಡ್ಡಾಯ ಪ್ರಾಯೋಗಿಕ ಪಠ್ಯಗಳಾಗಿರುತ್ತವೆ. ರಾಜ್ಯದ ಬಹುತೇಕ ಕಾನೂನು ಕಾಲೇಜುಗಳು 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿವೆ. ಬೆಂಗಳೂರಿನ ಭಾರತ ರಾಷ್ಟ್ರೀಯ ಕಾನೂನು ಶಾಲಾ ವಿಶ್ವವಿದ್ಯಾಲಯವು ಪ್ರತ್ಯೇಕ ಅಧಿನಿಯಮದಡಿ ಸ್ಥಾಪಿತವಾದ ಸಂಸ್ಥೆಯಾಗಿದೆ.

ದೊರೆಯುವ ನೆರವು ಮತ್ತು ಅದರ ಮಿತಿ

ಅರ್ಜಿ, ಮನವಿ, ಮೇಲ್ಮನವಿ ಮತ್ತು ನೋಟೀಸುಗಳ ಕರಡು ಸಿದ್ಧಪಡಿಸುವುದು, ಕಚೇರಿಯಿಂದ ಬಂದ ಹಿಂಬರಹದ ಅರ್ಥವನ್ನು ತಿಳಿಸಿಕೊಡುವುದು ಹಾಗೂ ಸೂಕ್ತ ಪ್ರಾಧಿಕಾರಕ್ಕೆ ಕಳುಹಿಸಿಕೊಡುವುದು ಈ ಕೇಂದ್ರಗಳ ಮುಖ್ಯ ಕೆಲಸ. ಆದರೆ ವಿದ್ಯಾರ್ಥಿಗಳು ನ್ಯಾಯಾಲಯದಲ್ಲಿ ವಕಾಲತ್ತು ವಹಿಸಲು ಬರುವುದಿಲ್ಲ. ವಕೀಲರ ಅಧಿನಿಯಮ, 1961ರಂತೆ ಈ ಹಕ್ಕು ನೋಂದಾಯಿತ ವಕೀಲರಿಗೆ ಮಾತ್ರ ಇರುತ್ತದೆ. ನ್ಯಾಯಾಲಯದ ಪ್ರಕರಣಗಳಿಗೆ ಉಚಿತ ವಕೀಲರ ನೇಮಕಕ್ಕಾಗಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಸಲ್ಲಿಸಬೇಕು. ಈ ಅರ್ಜಿ ಬರೆಯಲು ಸಹ ಕಾಲೇಜು ಕೇಂದ್ರದ ನೆರವು ಪಡೆಯಬಹುದು.

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಅಂಗವೈಕಲ್ಯವುಳ್ಳವರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಮಾನವ ಸಾಗಣೆಗೆ ಅಥವಾ ಸಾಮೂಹಿಕ ವಿಪತ್ತಿಗೆ ಒಳಗಾದವರು ಅಧಿನಿಯಮದ 12ನೇ ಪ್ರಕರಣದಂತೆ ಉಚಿತ ಸೇವೆಗೆ ಅರ್ಹರು. ಇವರಿಗೆ ಆದಾಯದ ಮಿತಿ ಅನ್ವಯಿಸುವುದಿಲ್ಲ. ಇತರರಿಗೆ ಸರ್ಕಾರ ನಿಗದಿಪಡಿಸಿದ ವಾರ್ಷಿಕ ಆದಾಯದ ಮಿತಿ ಅನ್ವಯವಾಗುತ್ತದೆ.

ಕಾಲಮಿತಿಯ ಬಗ್ಗೆ ಎಚ್ಚರಿಕೆ

ಕಾನೂನು ನೆರವು ಕೋರಿದ ಮಾತ್ರಕ್ಕೆ ಮೇಲ್ಮನವಿಯ ಕಾಲಮಿತಿ ತಾನಾಗಿ ವಿಸ್ತರಣೆಯಾಗುವುದಿಲ್ಲ. ಉದಾಹರಣೆಗೆ, ವಿಧವಾ ವೇತನದ ಅರ್ಜಿ ತಿರಸ್ಕೃತವಾಗಿದೆ ಎಂದಿಟ್ಟುಕೊಳ್ಳೋಣ. ಸಕಾಲ ಅಧಿನಿಯಮದಡಿ ಮೊದಲ ಮೇಲ್ಮನವಿಗೆ ಇರುವುದು 30 ದಿನಗಳು ಮಾತ್ರ. ಹಿಂಬರಹವನ್ನು ಓದಿಸಿಕೊಳ್ಳದೆ ಮನೆಯಲ್ಲೇ ಇಟ್ಟುಕೊಂಡರೆ ಈ ಅವಧಿ ಕಳೆದುಹೋಗುತ್ತದೆ. ಅರ್ಹತೆಯಿದ್ದರೂ ವೇತನ ಕೈತಪ್ಪುವ ಸಂಭವವಿರುತ್ತದೆ. ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಮೊದಲ ಮೇಲ್ಮನವಿಗೆ 30 ದಿನ, ಎರಡನೇ ಮೇಲ್ಮನವಿಗೆ 90 ದಿನಗಳ ಅವಧಿ ಇದೆ. ಗ್ರಾಹಕರ ದೂರನ್ನು ವ್ಯಾಜ್ಯ ಕಾರಣ ಉಂಟಾದ 2 ವರ್ಷಗಳೊಳಗೆ ಸಲ್ಲಿಸಬೇಕು. ಪರೀಕ್ಷೆ ಹಾಗೂ ರಜೆಯ ದಿನಗಳಲ್ಲಿ ಕಾಲೇಜಿನ ಕೇಂದ್ರ ತೆರೆದಿರದೆ ಇರಬಹುದಾದ್ದರಿಂದ, ಅವಧಿ ಮುಗಿಯುತ್ತಿದ್ದಲ್ಲಿ ಕಾಯದೆ ನೇರವಾಗಿ ತಾಲ್ಲೂಕು ಸಮಿತಿಯನ್ನು ಸಂಪರ್ಕಿಸುವುದು ಸೂಕ್ತ.

ಜೊತೆಯಲ್ಲಿ ತರಬೇಕಾದ ದಾಖಲೆಗಳು

1. ಸಲ್ಲಿಸಿದ ಅರ್ಜಿಯ ಪ್ರತಿ ಮತ್ತು ಸ್ವೀಕೃತಿ ಪತ್ರ.
2. ಹಿಂಬರಹ ಅಥವಾ ನೋಟೀಸು, ಅದು ಕೈಸೇರಿದ ದಿನಾಂಕದೊಂದಿಗೆ (ಅಂಚೆ ಲಕೋಟೆಯನ್ನು ಎಸೆಯಬಾರದು).
3. ಗುರುತಿನ ಚೀಟಿ, ಅನ್ವಯಿಸಿದಲ್ಲಿ ಜಾತಿ ಅಥವಾ ಆದಾಯ ಪ್ರಮಾಣಪತ್ರ.

ಮೂಲ ದಾಖಲೆಗಳನ್ನು ತೋರಿಸಿ ಹಿಂದಕ್ಕೆ ಪಡೆಯತಕ್ಕದ್ದು. ಜೆರಾಕ್ಸ್ ಪ್ರತಿಗಳನ್ನು ಮಾತ್ರ ಕೇಂದ್ರಕ್ಕೆ ನೀಡತಕ್ಕದ್ದು. ಸಿದ್ಧವಾದ ಕರಡನ್ನು ಪೂರ್ತಿ ಓದಿಸಿ ಕೇಳಿದ ನಂತರವೇ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕತಕ್ಕದ್ದು.

ಸಂಶೋಧನೆ

ಕಾನೂನು ಜನರಿಗೆ ಹೇಗೆ ತಲುಪುತ್ತಿದೆ ಎಂಬುದನ್ನು ಪರಿಶೀಲಿಸುವುದೂ ಕಾನೂನು ಅಧ್ಯಯನ ಸಂಸ್ಥೆಗಳ ಹೊಣೆಯಾಗಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಅಧಿನಿಯಮ, 2012ರಡಿಯ ವಿಶೇಷ ನ್ಯಾಯಾಲಯಗಳ ಕಾರ್ಯವೈಖರಿಯನ್ನು ರಾಷ್ಟ್ರೀಯ ಕಾನೂನು ಶಾಲೆಯ ಮಕ್ಕಳು ಮತ್ತು ಕಾನೂನು ಕೇಂದ್ರವು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಅಧ್ಯಯನ ಮಾಡಿ ವರದಿಗಳನ್ನು ಪ್ರಕಟಿಸಿದೆ. ನ್ಯಾಯಾಲಯದ ಆವರಣದಲ್ಲಿ ಮಗುವಿಗೆ ಎದುರಾಗುವ ತೊಂದರೆಗಳು ಇಂತಹ ಅಧ್ಯಯನಗಳಿಂದ ಆಡಳಿತದ ಗಮನಕ್ಕೆ ಬರುತ್ತವೆ.

ಹೆಚ್ಚಿನ ಮಾಹಿತಿಗೆ ರಾಷ್ಟ್ರೀಯ ಉಚಿತ ಸಹಾಯವಾಣಿ ಸಂಖ್ಯೆ 15100ಕ್ಕೆ ಕರೆ ಮಾಡಬಹುದಾಗಿದೆ. ಸಾರ್ವಜನಿಕರು ಕಾಲಮಿತಿಯೊಳಗೆ ಈ ಸೌಲಭ್ಯದ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.