ನಿಮಗಿದು ಗೊತ್ತೇ? ಸೆರಗು, ಜುಟ್ಟು, ತಾಳಿ, ಶಿಲುಬೆ

ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಅವರ ಜೊತೆ ಬೈಬಲ್ ಬಂತು, ಶಾಲೆ ಬಂತು. ಆದರೆ ಇಲ್ಲಿಯ ಹೆಣ್ಣುಮಕ್ಕಳು ಸೀರೆ ಬಿಟ್ಟು ಗೌನು ತೊಡಲಿಲ್ಲ. ಇವತ್ತಿಗೂ ಪ್ರಾರ್ಥನೆ ಶುರುವಾದರೆ ಹಿರಿಯ ಹೆಂಗಸರ ಕೈ ತಾನಾಗಿ ಸೆರಗಿಗೆ ಹೋಗುತ್ತದೆ, ಸೆರಗು ತಲೆಯ ಮೇಲೆ ಬರುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಹೇಳಿದ್ದೂ ಇದನ್ನೇ. ಹಿರಿಯರ ಮುಂದೆ ತಲೆ ಮೇಲೆ ಸೆರಗು ಹೊದೆಯುವ ಉತ್ತರ ಕರ್ನಾಟಕದ ರೂಢಿಯೂ ಇದೇ. ಎರಡರಲ್ಲಿ ಯಾವುದು ಹೆಚ್ಚು ಎಂದು ಬೇರ್ಪಡಿಸಲು ಬಾರದು.

ಕಥೋಲಿಕರಲ್ಲಿ ಹೆಂಗಸರು ತಲೆ ಮುಚ್ಚಬೇಕೆಂಬುದು 1917ರ ಧರ್ಮಸಂಹಿತೆಯಲ್ಲಿ ಬರೆದಿಟ್ಟ ನಿಯಮವಾಗಿತ್ತು. 1983ರ ಸಂಹಿತೆಯಲ್ಲಿ ಅದು ಇಲ್ಲ.

ಗಂಡಸಿಗೆ ಉದ್ದ ಕೂದಲು ಅವಮಾನ ಎಂದೂ ಪೌಲ ಅದೇ ಅಧ್ಯಾಯದಲ್ಲಿ ಹೇಳುತ್ತಾನೆ. ಹಾಗಾದರೆ ಮನೆಮನೆಯ ಗೋಡೆಯ ಮೇಲಿನ ಯೇಸುವಿಗೆ ಹೆಗಲು ಮುಟ್ಟುವ ಕೂದಲು ಯಾಕೆ? ಅದು ಮುಂದೆ ಬಂದ ಚಿತ್ರಕಾರರ ರೂಢಿ. ರೋಮಿನ ನೆಲಮಾಳಿಗೆ ಸಮಾಧಿಗಳ ಹಳೆಯ ಚಿತ್ರಗಳಲ್ಲಿ ಆತ ಗಡ್ಡವಿಲ್ಲದ, ಗಿಡ್ಡ ಕೂದಲಿನ ಕುರುಬ ಹುಡುಗ.

ಕ್ರೈಸ್ತನಾದವನು ಜುಟ್ಟು, ಜನಿವಾರ ಇಟ್ಟುಕೊಳ್ಳಬಹುದೇ? ಮದುರೆಯಲ್ಲಿದ್ದ ಯೇಸುಸಭೆಯ (ಜೆಸ್ವಿಟ್) ಪಾದ್ರಿ ರಾಬರ್ಟೊ ದೆ ನೊಬಿಲಿ ಇಟ್ಟುಕೊಳ್ಳಬಹುದು ಎಂದ. ದೂರು ರೋಮಿನವರೆಗೆ ಹೋಯಿತು. 1623ರಲ್ಲಿ ಪೋಪ್ 15ನೇ ಗ್ರೆಗರಿ ಜುಟ್ಟು, ಜನಿವಾರ, ಗಂಧ ಮೂರಕ್ಕೂ ಒಪ್ಪಿಗೆ ಕೊಟ್ಟರು. ಗೋವೆಯಲ್ಲಿ ಮಾತ್ರ ಗಾಳಿ ಬೇರೆಯಾಗಿತ್ತು. ಅಲ್ಲಿಯ ಧರ್ಮವಿಚಾರಣಾ ನ್ಯಾಯಾಲಯದ 1736ರ ಆಜ್ಞೆ ಕ್ರೈಸ್ತ ಗಂಡಸರಿಗೆ ಧೋತರವನ್ನೂ ಹೆಂಗಸರಿಗೆ ಚೋಳಿಯನ್ನೂ ನಿಷೇಧಿಸಿತು. ಅಂಗಳದ ತುಳಸಿಯನ್ನೂ ಬಿಡಲಿಲ್ಲ. ಮೈಮೇಲಿನ ಬಟ್ಟೆಯ ತನಕ ಕೈಹಾಕುವುದು ಅನ್ಯಾಯವೇ ಸರಿ.

ನಮ್ಮ ನೆರೆಯ ಬೈಲಹೊಂಗಲ ತಾಲ್ಲೂಕಿನ ದೇಶನೂರಿಗೆ ಹೋಗಿ ನೋಡಿ. ಅಲ್ಲಿರುವುದು ಸ್ನಾನಿಕ ಅರುಳಪ್ಪನವರ ವಿರಕ್ತ ಮಠ. ಸ್ನಾನಿಕ ಅರುಳಪ್ಪ ಎಂದರೆ ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಯೋಹಾನ. ಮಠ ನಡೆಸುವವರು ಯೇಸುಸಭೆಯ ಪಾದ್ರಿಗಳು. ಕರಿಯ ನಿಲುವಂಗಿಯಿಲ್ಲ, ಕಾವಿ ಇದೆ. ಲಿಂಗಾಯತ ವಿರಕ್ತರ ನಡೆನುಡಿಯನ್ನು ಹತ್ತಿರದಿಂದ ಕಂಡು, ಗೌರವದಿಂದ ತಮ್ಮದಾಗಿಸಿಕೊಂಡ ಪೂಜಾಕ್ರಮ ಅವರದು. ಇದರ ಬಗ್ಗೆ ಎರಡೂ ಕಡೆಯಿಂದ ಆಕ್ಷೇಪಗಳು ಬಂದಿವೆ. ನನಗಂತೂ ಈ ನೆಲದ ಮಾತನ್ನು ಕಿವಿಗೊಟ್ಟು ಕೇಳಿದವರು ಕಟ್ಟಿದ ಮಠ ಅನ್ನಿಸುತ್ತದೆ.

ಮತ್ತೆ ಕೂದಲಿನ ಮಾತಿಗೆ ಬಂದರೆ, ಕೂದಲು ಕತ್ತರಿಸಿಕೊಂಡ ಹೆಂಗಸಿಗೆ ಬಹಿಷ್ಕಾರ! ಸುಮಾರು ಕ್ರಿ.ಶ. 340ರಲ್ಲಿ ಗಂಗ್ರಾ ಎಂಬಲ್ಲಿ ಸೇರಿದ ಬಿಷಪರ ಸಭೆ ಭಕ್ತಿಯ ಹೆಸರಲ್ಲಿ ಹಾಗೆ ಮಾಡುವವರಿಗೆ ಈ ಶಿಕ್ಷೆ ವಿಧಿಸಿತ್ತು. ಗಂಡುಡುಗೆ ತೊಟ್ಟವಳಿಗೂ ಅದೇ.

ಇನ್ನು ಪಂಡಿತಾ ರಮಾಬಾಯಿ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ವಿಧವೆಯಾದ ಮೇಲೆ ಇಂಗ್ಲೆಂಡಿಗೆ ಹೋಗಿ, 1883ರಲ್ಲಿ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು. ಬಿಳಿ ಸೀರೆ ಬಿಡಲಿಲ್ಲ, ಮಾಂಸ ಮುಟ್ಟಲಿಲ್ಲ. ಅಲ್ಲಿಯ ಕ್ರೈಸ್ತ ಸನ್ಯಾಸಿನಿಯರು ಲ್ಯಾಟಿನ್ ಬರಹದ ಶಿಲುಬೆ ಕೊಟ್ಟಾಗ, ತಮಗೆ ತಿಳಿಯದ ಭಾಷೆಯನ್ನು ಕೊರಳಿಗೆ ಯಾಕೆ ಕಟ್ಟಿಕೊಳ್ಳಬೇಕು, ಸಂಸ್ಕೃತವೇಕೆ ಬೇಡ ಎಂದು ವಾದಕ್ಕೆ ನಿಂತರು. ದೇವರನ್ನು ಒಪ್ಪಿದ ಮಾತ್ರಕ್ಕೆ ಇಂಗ್ಲೆಂಡಿನ ರೂಢಿಯನ್ನೂ ಒಪ್ಪಬೇಕಿಲ್ಲ ಎಂಬ ಅವರ ಧೈರ್ಯ ನೆನೆದರೆ ಈಗಲೂ ಎದೆ ತುಂಬುತ್ತದೆ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದವರೂ ಅವರೇ.

ಚಿನ್ನದ ವಿಷಯಕ್ಕೆ ಬಂದರೆ, ಕೆಲವು ಪೆಂಟೆಕೋಸ್ಟ್ ಮನೆಗಳಲ್ಲಿ ಕಿವಿ, ಕೊರಳು, ಕೈ ಬರಿದು. ತಿಮೊಥೆಯನಿಗೆ ಬರೆದ ಮೊದಲ ಪತ್ರದ 2ನೇ ಅಧ್ಯಾಯವನ್ನು ಅವರು ಇದ್ದಂತೆಯೇ ಪಾಲಿಸುತ್ತಾರೆ. ಅದೇ ಓಣಿಯ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮನೆಯಲ್ಲಿ ಬಳೆ, ಕಾಲುಂಗುರ, ಶಿಲುಬೆಯ ತಾಳಿ ಎಲ್ಲವೂ ಇರಬಹುದು. ಸಿ.ಎಸ್.ಐ. ಮದುವೆ ವಿಧಿಯಲ್ಲಿ ಉಂಗುರದ ಜಾಗಕ್ಕೆ ಮಂಗಳಸೂತ್ರಕ್ಕೂ ಎಡೆಯಿದೆ.

ಸಭೆಯಲ್ಲಿ ಹೆಂಗಸರು ಸುಮ್ಮನಿರಲಿ ಎಂದ ಪೌಲನ ಮಾತಿಗೆ ಸಿ.ಎಸ್.ಐ. ಕಂಡುಕೊಂಡ ಉತ್ತರ ಇದು: 1976ರಲ್ಲಿ ಎಲಿಜಬೆತ್ ಪಾಲ್ ಪಾದ್ರಿ, 2013ರಲ್ಲಿ ಆಂಧ್ರದ ನಂದ್ಯಾಲದಲ್ಲಿ ಇ. ಪುಷ್ಪಲಲಿತಾ ಬಿಷಪ್.

ಮದುಮಗಳಿಗೆ ಬಿಳಿ ಬೈಬಲಿನ ಕಟ್ಟಳೆಯಲ್ಲ. 1840ರಲ್ಲಿ ರಾಣಿ ವಿಕ್ಟೋರಿಯಾ ಬಿಳಿ ತೊಟ್ಟು ಮದುವೆಯಾದ ಮೇಲೆ ಊರೂರಿಗೆ ಹಬ್ಬಿದ ರೂಢಿ. ಮಂಗಳೂರಿನ ಕೊಂಕಣಿ ಕಥೋಲಿಕರಲ್ಲಿ ಕೆಂಪು ಸೀರೆ 'ಸಾಡೊ' ಈಗಲೂ ಮದುಮಗಳ ಪೆಟ್ಟಿಗೆಯಲ್ಲಿರುತ್ತದೆ, ಜೊತೆಗೆ ಕರಿಮಣಿ.